ಫಾರ್ನ್ ದ್ವೀಪಗಳ ಕಡಲಹಕ್ಕಿಗಳು ಮತ್ತು ನಮ್ಮ ತುಂಗಭದ್ರೆಯ ನಡುಗಡ್ಡೆಗಳು

ಸಪ್ತಾಪುರದ ಹಕ್ಕಿನೋಟ (ಧಾರವಾಡ)

ಬಳಗದ ಎಲ್ಲರಿಗೂ ನಮಸ್ಕಾರ. ಮಗಳ ಮನೆಗೆಂದು ಇಂಗ್ಲೆಂಡಿಗೆ ಬಂದಿರುವ ನಾನು ಮೇ ತಿಂಗಳ ಕೊನೆಯ ವಾರದಲ್ಲಿ ನಾರ್ತಂಬರ್‌ಲ್ಯಾಂಡ್ ಕರಾವಳಿಯ ಫಾರ್ನ್ ದ್ವೀಪಗಳಿಗೆ ಹೋಗಿ ಬಂದೆ. ಇಲ್ಲಿ ಬೇಸಿಗೆ ಆಗಷ್ಟೇ ಶುರುವಾಗುವ ಹೊತ್ತು ಅದು. ನಾವು ಕೆಲಗೇರಿ ಮತ್ತು ಉಣಕಲ್ ಕೆರೆಗಳಲ್ಲಿ ಹಕ್ಕಿ ನೋಡಿ ಬೆಳೆದವರು. ಕಡಲಹಕ್ಕಿಗಳು ಸಾವಿರಗಟ್ಟಲೆ ಒಂದೆಡೆ ಸೇರಿ ಮರಿ ಮಾಡುವುದನ್ನು ನೋಡುವ ಅವಕಾಶ ನಮ್ಮ ಭಾಗದವರಿಗೆ ಕಡಿಮೆ. ಆದ್ದರಿಂದ ಕಂಡದ್ದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಸೀಹೌಸಸ್ ಎಂಬ ಚಿಕ್ಕ ಬಂದರಿನಿಂದ ದೋಣಿಗಳು ಹೊರಡುತ್ತವೆ. ದ್ವೀಪಗಳೆಲ್ಲ ಕಪ್ಪು ಡಾಲರೈಟ್ ಶಿಲೆಯವು. ಭರತ ಬಂದಾಗ ಕೆಲವು ಮುಳುಗಿ, ಇಳಿತದಲ್ಲಿ ಮತ್ತೆ ಮೇಲೇಳುವುದರಿಂದ ಅವುಗಳ ಎಣಿಕೆ ಹದಿನೈದರಿಂದ ಇಪ್ಪತ್ತೆಂಟರವರೆಗೆ ಬದಲಾಗುತ್ತದೆ. 1925ರಿಂದ ಇವು ಪ್ರಕೃತಿ ಮತ್ತು ಪರಂಪರೆಯ ತಾಣಗಳನ್ನು ಕಾಯುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಒಡೆತನದಲ್ಲಿವೆ. ಪ್ರವಾಸಿಗರು ಇನ್ನರ್ ಫಾರ್ನ್ ಎಂಬ ದೊಡ್ಡ ದ್ವೀಪದಲ್ಲಿ ನಿಗದಿಯಾದ ಹೊತ್ತಿನಲ್ಲಿ ಮಾತ್ರ ಇಳಿಯಬಹುದು, ಇಳಿದ ಮೇಲೂ ಹಲಗೆ ಹಾಸಿದ ದಾರಿಯನ್ನು ಬಿಟ್ಟು ಒಂದು ಹೆಜ್ಜೆಯನ್ನೂ ಆಚೆ ಇಡುವಂತಿಲ್ಲ. ಆ ದಾರಿಯ ಎರಡೂ ಬದಿಯ ಮಣ್ಣಿನಲ್ಲಿ ಪಫಿನ್ ಎಂಬ ಕಡಲಹಕ್ಕಿಗಳ ಬಿಲಗಳಿವೆ. ಕಾಲಿಟ್ಟರೆ ಬಿಲ ಕುಸಿದು ಒಳಗಿನ ಮರಿ ಮಣ್ಣುಪಾಲಾಗುತ್ತದೆ.

ಪಫಿನ್ ಚಿತ್ರಗಳಲ್ಲಿ ಕಾಣುವುದಕ್ಕಿಂತ ಬಹಳ ಸಣ್ಣ ಹಕ್ಕಿ. ನಮ್ಮ ಪಾರಿವಾಳಕ್ಕಿಂತ ಒಂದಿಷ್ಟು ದಪ್ಪವೆನಿಸಬಹುದು, ತೂಕ ಸುಮಾರು 400 ಗ್ರಾಂ. ಕೊಕ್ಕಿನ ಕೆಂಪು, ಹಳದಿ, ಬೂದುನೀಲಿ ಬಣ್ಣಗಳು ಸಂತಾನದ ಕಾಲಕ್ಕೆ ಮಾತ್ರ ಇರುತ್ತವೆ. ಚಳಿಗಾಲಕ್ಕೆ ಆ ಹೊರಕವಚ ಉದುರಿ, ಹಕ್ಕಿ ಮಸುಕಾದ ಮುಖದೊಂದಿಗೆ ತೆರೆದ ಕಡಲಿನಲ್ಲಿಯೇ ತಿಂಗಳುಗಟ್ಟಲೆ ಕಳೆಯುತ್ತದೆ. ಮಾರ್ಚ್ ಕೊನೆಯಲ್ಲಿ ದ್ವೀಪಕ್ಕೆ ಮರಳಿ, ಬಿಲದೊಳಗೆ ಒಂದೇ ಒಂದು ಮೊಟ್ಟೆಯಿಟ್ಟು, ಸುಮಾರು ನಲವತ್ತು ದಿನ ಕಾವು ಕೊಡುತ್ತದೆ. ನಾನು ಹೋದಾಗ ಮರಿಗಳು ಒಡೆದು ಹೊರಬರುತ್ತಿದ್ದವು ಎಂಬುದು ತಾಯಿತಂದೆಯರ ಕೊಕ್ಕಿನಲ್ಲಿದ್ದ ಮೀನುಗಳಿಂದಲೇ ತಿಳಿಯುತ್ತಿತ್ತು. ಸ್ಯಾಂಡ್‌ಈಲ್ ಎಂಬ ತೆಳ್ಳನೆಯ ಬೆಳ್ಳಿ ಬಣ್ಣದ ಮೀನುಗಳನ್ನು ಒಂದೇ ಸಲಕ್ಕೆ ಹತ್ತರಷ್ಟು ಅಡ್ಡಡ್ಡ ಹಿಡಿದು ತರುತ್ತವೆ. ನಾಲಿಗೆಯ ಮೇಲೂ ಅಂಗುಳಿನಲ್ಲಿಯೂ ಹಿಂದಕ್ಕೆ ಬಾಗಿದ ಮುಳ್ಳುಗಳಿರುವುದರಿಂದ ಮೊದಲು ಹಿಡಿದ ಮೀನು ಜಾರದಂತೆ ಮುಂದಿನದನ್ನು ಹಿಡಿಯುವುದು ಅವಕ್ಕೆ ಸಾಧ್ಯ. ಬಿಲದ ಬಾಯಲ್ಲಿ ಕಪ್ಪುತಲೆಯ ಗಲ್ ಹಕ್ಕಿಗಳು ಹೊಂಚು ಹಾಕಿರುತ್ತವೆ. ಪಫಿನ್ ನೆಲಕ್ಕಿಳಿದ ಕೂಡಲೇ ಮೇಲೆರಗಿ ಮೀನು ಕಸಿಯುವುದರಿಂದ ಅದು ಒಂದು ಕ್ಷಣವೂ ನಿಲ್ಲದೆ ಬಿಲದೊಳಗೆ ನುಗ್ಗುತ್ತದೆ.

ಕಡಿದಾದ ಬಂಡೆಯಂಚಿನಲ್ಲಿ ಗಿಲೆಮಾಟ್‌ಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಗೂಡೆಂಬುದೇ ಇಲ್ಲ, ಬರಿಯ ಕಲ್ಲಿನ ಮೇಲೆ ಒಂದು ಮೊಟ್ಟೆ. ಪ್ರತಿ ಹಕ್ಕಿಯ ಮೊಟ್ಟೆಯ ಬಣ್ಣ ಮತ್ತು ಗೀರುಗಳು ಬೇರೆ ಬೇರೆ, ಆ ಗುಂಪಿನಲ್ಲಿ ತನ್ನದನ್ನು ಗುರುತಿಸಲು ಅದೇ ಆಧಾರ. ಮರಿಗೆ ಮೂರು ವಾರವಾಗುತ್ತಲೇ, ರೆಕ್ಕೆ ಇನ್ನೂ ಬಲಿಯದಿರುವಾಗಲೇ, ಅದು ಬಂಡೆಯಿಂದ ಕಡಲಿಗೆ ಹಾರಿಬಿಡುತ್ತದೆ. ಕೆಳಗೆ ಕಾದಿರುವ ತಂದೆ ಅದನ್ನು ಕರೆದುಕೊಂಡು ದೂರ ಈಜುತ್ತಾನೆ. ಅವುಗಳ ಪಕ್ಕದಲ್ಲಿಯೇ ರೇಜರ್‌ಬಿಲ್‌ಗಳು, ಹುಲ್ಲು ಕೆಸರುಗಳ ಪುಟ್ಟ ಬಟ್ಟಲುಗಳನ್ನು ಬಂಡೆಗೆ ಅಂಟಿಸಿ ತಮ್ಮ ಹೆಸರನ್ನೇ ಕೂಗುವ ಕಿಟಿವೇಕ್‌ಗಳು, ಹಸಿರು ಕಣ್ಣಿನ ಶ್ಯಾಗ್ ಎಂಬ ನೀರುಕಾಗೆಗಳು ಇದ್ದವು. ನಡೆದಾರಿಯಿಂದ ಕೈಯಳತೆಯಲ್ಲಿ ಐಡರ್ ಬಾತು ಕಲ್ಲಿನಂತೆ ಕದಲದೆ ಕಾವು ಕೂತಿತ್ತು. ಏಳನೆಯ ಶತಮಾನದಲ್ಲಿ ಈ ದ್ವೀಪದಲ್ಲಿ ಏಕಾಂತವಾಸ ಮಾಡಿ, 687ರಲ್ಲಿ ಇಲ್ಲಿಯೇ ತೀರಿಕೊಂಡ ಸಂತ ಕತ್‌ಬರ್ಟ್ ಈ ಬಾತುಗಳಿಗೆ ರಕ್ಷಣೆ ಕೊಟ್ಟಿದ್ದನೆಂದು ಸ್ಥಳೀಯರು ಹೇಳುತ್ತಾರೆ, ಅವನ ಹೆಸರಿನಿಂದಲೇ ಈ ಬಾತನ್ನು ಕರೆಯುತ್ತಾರೆ.

ಹೊರಗಿನ ಬಂಡೆಗಳ ಮೇಲೆ ಬೂದು ಸೀಲ್‌ಗಳು ಬಿಸಿಲು ಕಾಯಿಸುತ್ತಿದ್ದವು. ಮರಿ ಹಾಕುವ ಕಾಲ ಅಕ್ಟೋಬರಿನಿಂದ ಡಿಸೆಂಬರ್, ಆದ್ದರಿಂದ ಈಗ ಮರಿಗಳಿರಲಿಲ್ಲ.

ವಿದ್ಯಾನಗರ ಹುಬ್ಬಳ್ಳಿ

ಸರ್, ಬಹಳ ಸಂತೋಷವಾಯಿತು. ತಾವು ಆರ್ಕ್‌ಟಿಕ್ ರೀವದ (ಟರ್ನ್ ಹಕ್ಕಿಯ) ವಿಷಯ ಬರೆಯಲಿಲ್ಲ. ಅಲ್ಲಿ ಅವು ಜನರ ತಲೆಗೇ ಕುಕ್ಕುತ್ತವೆಂದು ಕೇಳಿದ್ದೇನೆ. ಚಳಿಗಾಲದಲ್ಲಿ ಉಣಕಲ್ ಕೆರೆಯ ಮೇಲೆ ಹಾರಾಡುವ ಮೀಸೆ ರೀವಗಳನ್ನಷ್ಟೇ ನೋಡಿರುವ ನಮಗೆ, ಅದೇ ವರ್ಗದ ಹಕ್ಕಿ ಗೂಡಿನ ಬಳಿ ಹೇಗೆ ನಡೆದುಕೊಳ್ಳುತ್ತದೆಂಬ ಕುತೂಹಲವಿದೆ.

ಸಪ್ತಾಪುರದ ಹಕ್ಕಿನೋಟ (ಧಾರವಾಡ)

ಕುಕ್ಕುವುದು ನಿಜ. ದೋಣಿಯವರೇ ಟೋಪಿ ಹಾಕಿಕೊಳ್ಳಿರೆಂದು ಹೇಳಿ ಇಳಿಸುತ್ತಾರೆ. ರೀವ ನೇರವಾಗಿ ತಲೆಯ ಅತಿ ಎತ್ತರದ ಭಾಗಕ್ಕೆ ಎರಗುತ್ತದೆ, ಕೊಕ್ಕಿನ ತುದಿ ಚೂಪಾಗಿರುವುದರಿಂದ ರಕ್ತ ಬರುವುದೂ ಉಂಟು. ನೂರು ಗ್ರಾಮಿನಷ್ಟಿರುವ ಹಕ್ಕಿ ಮನುಷ್ಯನನ್ನು ಗೂಡಿನ ಬಳಿಯಿಂದ ಓಡಿಸಲು ತೋರುವ ಧೈರ್ಯವನ್ನು ಕಂಡು ನಾನು ಅಲ್ಲಿಯೇ ತಲೆಬಾಗಿದೆ.

ಅದರ ಪ್ರಯಾಣದ ವಿಷಯ ಇನ್ನೂ ದೊಡ್ಡದು. ನ್ಯೂಕಾಸಲ್ ವಿಶ್ವವಿದ್ಯಾಲಯದವರು 2015ರಲ್ಲಿ ಇದೇ ದ್ವೀಪಗಳ ಕೆಲವು ರೀವಗಳ ಕಾಲಿಗೆ ಸಣ್ಣ ದಾಖಲೆ ಯಂತ್ರ ಕಟ್ಟಿ ಬಿಟ್ಟರು. ಅವುಗಳಲ್ಲಿ ಒಂದು ಜುಲೈ ತಿಂಗಳಲ್ಲಿ ಹೊರಟು, ಆಫ್ರಿಕಾದ ಪಶ್ಚಿಮ ತೀರದ ಗುಂಟ ದಕ್ಷಿಣಕ್ಕೆ ಇಳಿದು, ಹಿಂದೂ ಮಹಾಸಾಗರವನ್ನೂ ಹೊಕ್ಕು, ಅಂಟಾರ್ಕ್ಟಿಕಾದ ಅಂಚಿನಲ್ಲಿ ಅಲ್ಲಿಯ ಬೇಸಿಗೆ ಕಳೆದು, 2016ರ ಮೇ ತಿಂಗಳಿಗೆ ಫಾರ್ನ್ ದ್ವೀಪಕ್ಕೆ ಮರಳಿತು. ಆ ಒಂದು ಸುತ್ತಿನ ಉದ್ದ ಸುಮಾರು 96,000 ಕಿಲೋಮೀಟರ್. ಅಷ್ಟು ದೂರ ಹೋಗಿಬಂದ ಹಕ್ಕಿ ಮೊಟ್ಟೆಯಿಡಲು ಆರಿಸುವುದು ತಾನು ಬಲ್ಲ ಆ ಚೂರು ನೆಲವನ್ನೇ.

ಬೆಟಗೇರಿ ಓದುಗ (ಗದಗ)

ಹಕ್ಕಿಜ್ವರದಿಂದ ಆ ದ್ವೀಪಗಳನ್ನು ಮುಚ್ಚಿದ್ದರೆಂಬ ಸುದ್ದಿ ಎರಡು ಮೂರು ವರ್ಷಗಳ ಹಿಂದೆ ಬಂದಿತ್ತು. ಈಗ ಸ್ಥಿತಿ ಹೇಗಿದೆ? ಮಾಗಡಿ ಕೆರೆ ನಮ್ಮ ಮನೆಯಂಗಳದಲ್ಲಿಯೇ ಇದೆ, 2024ರಲ್ಲಿ ಮಹತ್ವದ ಜೌಗುನೆಲೆಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸರ್ ಪಟ್ಟಿಗೂ ಸೇರಿದೆ. ಚಳಿಗಾಲಕ್ಕೆ ಸಾವಿರಾರು ಪಟ್ಟೆತಲೆ ಹೆಬ್ಬಾತುಗಳು ಒಂದೇ ನೀರಿನಲ್ಲಿ ಕೂಡುವುದನ್ನು ನೋಡುವಾಗ ಆ ರೋಗದ ನೆನಪಾಗಿ ಆತಂಕವಾಗುತ್ತದೆ.

ಸಪ್ತಾಪುರದ ಹಕ್ಕಿನೋಟ (ಧಾರವಾಡ)

2022ರ ಬೇಸಿಗೆಯಲ್ಲಿ ಇಲ್ಲಿ 6,000ಕ್ಕೂ ಹೆಚ್ಚು ಹಕ್ಕಿಗಳ ಕಳೇಬರಗಳನ್ನು ರಕ್ಷಕರು ಆರಿಸಿದರು. ಗಿಲೆಮಾಟ್, ಕಿಟಿವೇಕ್‌ಗಳಿಗೆ ಹೆಚ್ಚು ಪೆಟ್ಟು ಬಿತ್ತು. ಆ ಜುಲೈಯಲ್ಲಿ ದ್ವೀಪಗಳಿಗೆ ಇಳಿಯುವುದನ್ನು ನಿಲ್ಲಿಸಿ, 2023ರ ಇಡೀ ಋತುವಿನಲ್ಲಿಯೂ ಮುಚ್ಚಿ, 2024ರಲ್ಲಿ ಇನ್ನರ್ ಫಾರ್ನ್ ಅನ್ನು ಮತ್ತೆ ತೆರೆದರು. ದೋಣಿಯವರ ಜೀವನೋಪಾಯವೇ ಅದಾಗಿದ್ದರೂ ಎರಡು ಋತುಗಳ ಕಾಲ ಅವರು ದ್ವೀಪವನ್ನು ಸುತ್ತಿ ತೋರಿಸಿ ಮರಳುತ್ತಿದ್ದರು.

ನನಗೆ ಅತ್ಯಂತ ಮುಖ್ಯವೆನಿಸಿದ ಸಂಗತಿ ಅಲ್ಲಿಯ ಎಣಿಕೆ. ಋತುವಿನುದ್ದಕ್ಕೂ ರಕ್ಷಕರು ದ್ವೀಪದಲ್ಲಿಯೇ ವಾಸಿಸುತ್ತಾರೆ. ಪಫಿನ್ ಬಿಲದೊಳಗೆ ಇರುವುದರಿಂದ ಕಣ್ಣಿನಿಂದ ಎಣಿಸಲಾಗದು. ಆರಿಸಿದ ತುಂಡು ನೆಲಗಳಲ್ಲಿ ನೆಲಕ್ಕೆ ಒರಗಿ ಮಲಗಿ, ಪ್ರತಿ ಬಿಲದೊಳಗೆ ಭುಜದವರೆಗೆ ಕೈ ಹಾಕಿ, ಒಳಗೆ ಹಕ್ಕಿಯೋ ಮೊಟ್ಟೆಯೋ ಇದೆಯೇ ಎಂದು ತಡವಿ, ಆ ಲೆಕ್ಕದಿಂದ ಇಡೀ ದ್ವೀಪದ ಅಂದಾಜು ಮಾಡುತ್ತಾರೆ. ಹೀಗೆ 2003ರಲ್ಲಿ 55 ಸಾವಿರ ಜೋಡಿ ದಾಟಿದ್ದ ಪಫಿನ್ 2008ಕ್ಕೆ 37 ಸಾವಿರದ ಆಸುಪಾಸಿಗೆ ಕುಸಿದದ್ದು ಗೊತ್ತಾಯಿತು. 2018ರಲ್ಲಿ ಸುಮಾರು 44 ಸಾವಿರಕ್ಕೆ, 2024ರಲ್ಲಿ 50 ಸಾವಿರಕ್ಕೆ ಏರಿದ್ದೂ ಗೊತ್ತಾಯಿತು. ಅದೇ ನೆಲ, ಅದೇ ತಿಂಗಳು, ಅದೇ ವಿಧಾನ. ಇಪ್ಪತ್ತು ವರ್ಷಗಳ ಏರಿಳಿತವನ್ನು ಖಚಿತವಾಗಿ ಹೇಳಬಲ್ಲವರು ಅವರಾದದ್ದು ಆ ಕಾರಣದಿಂದ. ಇಂಗ್ಲೆಂಡಿನ ಪಾಲಿನ ಉತ್ತರ ಸಮುದ್ರದಲ್ಲಿ ಸ್ಯಾಂಡ್‌ಈಲ್ ಮೀನುಗಾರಿಕೆಯನ್ನು 2024ರಲ್ಲಿ ನಿಷೇಧಿಸಿದರು. ಇಂಥ ಎಣಿಕೆಗಳು ಕೈಯಲ್ಲಿಲ್ಲದಿದ್ದರೆ ಅಂಥ ತೀರ್ಮಾನಕ್ಕೆ ಸರಕಾರವನ್ನು ಒಪ್ಪಿಸುವುದು ಯಾರಿಗೂ ಸುಲಭವಿರಲಿಲ್ಲ.

ಮುಂಡರಗಿ ನದಿದಂಡೆ (ಗದಗ ಜಿಲ್ಲೆ)

ಸರ್, ತಮ್ಮ ಬರಹವನ್ನು ಓದುತ್ತ ನನಗೆ ನಮ್ಮ ಹೊಳೆಯೇ ಕಣ್ಣೆದುರು ಬಂತು. ಈ ವಿಷಯವನ್ನು ಬಳಗದಲ್ಲಿ ಯಾರಾದರೂ ಎತ್ತಬೇಕೆಂದು ಬಹಳ ದಿನದಿಂದ ಕಾಯುತ್ತಿದ್ದೆ.

ನಮ್ಮಲ್ಲಿ ಕಡಲಿಲ್ಲ, ಆದರೆ ರೀವಗಳು ಗೂಡು ಮಾಡುವ ದ್ವೀಪಗಳು ಇವೆ. ಹಮ್ಮಿಗಿ ಬ್ಯಾರೇಜಿನ ಮೇಲೂ ಕೆಳಗೂ, ಕೊರ್ಲಹಳ್ಳಿಯ ಆಚೀಚೆ, ತುಂಗಭದ್ರೆಯ ನೀರು ಇಳಿದಂತೆ ಮಾರ್ಚ್ ಹೊತ್ತಿಗೆ ಬಂಡೆಗಳೂ ಮರಳಿನ ದಿಬ್ಬಗಳೂ ಮೇಲೇಳುತ್ತವೆ. ಹಳದಿ ಕೊಕ್ಕು, ಕರಿ ಟೊಪ್ಪಿಗೆ, ಕವಲು ಬಾಲದ ನದಿ ರೀವ ಅಲ್ಲಿ ಮರಳಿನಲ್ಲಿ ಸಣ್ಣ ಕುಳಿ ತೋಡಿ ಎರಡೋ ಮೂರೋ ಮೊಟ್ಟೆ ಇಡುತ್ತದೆ. ಮೊಟ್ಟೆಗಳು ಮರಳಿನದೇ ಬಣ್ಣ, ಮೇಲೆ ಕಂದು ಚುಕ್ಕೆ. ಹತ್ತು ಹೆಜ್ಜೆ ದೂರದಿಂದ ಕಣ್ಣಿಗೆ ಬೀಳುವುದಿಲ್ಲ. ಅದೇ ದಿಬ್ಬಗಳಲ್ಲಿ ಸ್ಮಾಲ್ ಪ್ರಾಟಿನ್‌ಕೋಲ್ ಹಕ್ಕಿಗಳು ಗುಂಪಾಗಿ ಮೊಟ್ಟೆ ಇಡುತ್ತವೆ. ಸಂಜೆಯ ಹೊತ್ತು ಅವು ನೀರಿನ ಮೇಲೆ ಹುಳ ಹಿಡಿಯುತ್ತ ಹಾರಾಡುವಾಗ ಹೊಸಬರು ಅಂಬರಗುಬ್ಬಿಗಳೆಂದೇ ಭಾವಿಸುತ್ತಾರೆ. ಬಂಡೆಗಳ ಮೇಲೆ ಗ್ರೇಟ್ ಥಿಕ್‌ನೀ ಎಂಬ ಹಕ್ಕಿ ದೊಡ್ಡ ಕಣ್ಣು ತೆರೆದು ನಿಂತಿರುತ್ತದೆ. ನೀರುನಾಯಿಗಳ ಹೆಜ್ಜೆ ಹಸಿ ಮರಳಿನ ಮೇಲೆ ಕಾಣುತ್ತದೆ, ಅದೃಷ್ಟವಿದ್ದ ಬೆಳಗಿನಲ್ಲಿ ಅವೇ ಕಾಣುತ್ತವೆ.

ಈ ಋತುವಿನಲ್ಲಿ ಒಂದು ದಿಬ್ಬದ ಮೇಲೆ, ಅದರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ, ಏಪ್ರಿಲ್ ಮೊದಲ ವಾರದಲ್ಲಿ ರೀವಗಳು ಕಾವು ಕೂತಿದ್ದವು. ತಾಯಿ ಹಕ್ಕಿ ಆಗಾಗ ಎದ್ದು ಹೊಳೆಗೆ ಹಾರಿ, ಎದೆಯ ಗರಿಗಳನ್ನು ನೀರಿನಲ್ಲಿ ತೊಯ್ಸಿಕೊಂಡು ಬಂದು ಮತ್ತೆ ಮೊಟ್ಟೆಗಳ ಮೇಲೆ ಕೂರುತ್ತಿತ್ತು. ಕೆಲ ದಿನಗಳ ನಂತರ ದಂಡೆಯ ಕಡೆಯ ನೀರು ಮೊಣಕಾಲುದ್ದಕ್ಕೆ ಇಳಿಯಿತು. ನಾಯಿಗಳು ದಾಟಿದವು, ಅವುಗಳ ಹಿಂದೆ ದನಗಳು. ಅರ್ಧದಷ್ಟು ಗೂಡುಗಳು ಹೋದವು. ಉಳಿದವು ಮೊಟ್ಟೆ ಒಡೆಯುವ ಹೊತ್ತಿಗೆ ಸರಿಯಾಗಿ ಹೊಳೆಗೆ ನೀರು ಬಿಟ್ಟರು. ಒಂದೇ ರಾತ್ರಿಯಲ್ಲಿ ದಿಬ್ಬದ ಮೇಲೆ ನೀರು ಹರಿಯಿತು. ಮರುದಿನ ಹಕ್ಕಿಗಳು ಆ ಜಾಗದ ಮೇಲೆಯೇ ಕೂಗುತ್ತ ಸುತ್ತುತ್ತಿದ್ದವು.

ನೀರು ಕಡಿಮೆಯಾದರೂ ಹಾನಿ, ಹೆಚ್ಚಾದರೂ ಹಾನಿ. ಫಾರ್ನ್ ದ್ವೀಪದ ಹಕ್ಕಿಗೆ ಇಲ್ಲದ ಸಂಕಟ ಇದು.

ವರದಾ ಸಂಗಮ (ಹಾವೇರಿ)

ಗಳಗನಾಥದ ಕೆಳಗೆ ನಾವೂ ಇದನ್ನೇ ಕಾಣುತ್ತಿದ್ದೇವೆ. ನಮ್ಮಲ್ಲಿ ನಾಯಿ, ದನಗಳಿಗಿಂತ ಮೊದಲು ಬರುವುದು ಮರಳಿನ ಟ್ರ್ಯಾಕ್ಟರು. ಚೌಡದಾನಪುರದಿಂದ ಗಳಗನಾಥದವರೆಗೆ ಹೊಳೆಯಲ್ಲಿ ಮರಳು ಎತ್ತಿದ ಕಡೆಯೆಲ್ಲ ದಿಬ್ಬ ತಗ್ಗಾಗುತ್ತದೆ. ಹೊಳೆಗೆ ಒಂದಡಿ ನೀರು ಬಂದರೆ ಮುಳುಗದೇ ಉಳಿಯುತ್ತಿದ್ದ ದಿಬ್ಬ ಈಗ ಅರ್ಧ ಅಡಿಗೇ ಮುಳುಗುತ್ತದೆ. ಆದ್ದರಿಂದ ನೀರು ಬಿಟ್ಟದ್ದನ್ನಷ್ಟೇ ದೂರಿದರೆ ನ್ಯಾಯವಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಬೇಸಿಗೆಯಲ್ಲಿ ಆ ನೀರು ಬರುವುದು ಭದ್ರಾ ಜಲಾಶಯದಿಂದ. ಹಾವೇರಿ, ಗದಗ, ಕೊಪ್ಪಳ ಜಿಲ್ಲೆಗಳ ಕುಡಿಯುವ ನೀರಿಗಾಗಿ ಏಪ್ರಿಲ್ ಹೊತ್ತಿಗೆ ಹೊಳೆಗೆ ಬಿಡುತ್ತಾರೆ. ಅದು ಕೂಡಲಿಯಲ್ಲಿ ತುಂಗೆಯ ಹರಿವನ್ನು ಸೇರಿ, ಹೊನ್ನಾಳಿ, ಹರಿಹರ ದಾಟಿ, ರಾಣೆಬೆನ್ನೂರಿನ ಅಂಚಿನಿಂದ ನಮ್ಮಲ್ಲಿಗೆ ಬರುತ್ತದೆ. ಗದಗ-ಬೆಟಗೇರಿಯ ನಲ್ಲಿಗೆ ಬರುವ ನೀರೂ ಹಮ್ಮಿಗಿಯಲ್ಲಿ ನಿಂತ ಇದೇ ನೀರು. ಬಿಡಬೇಡಿರೆಂದು ಯಾರೂ ಹೇಳಲಾರರು, ಹೇಳಲೂ ಕೂಡದು.

ಅಧ್ಯಾಪಕಿ, ಧಾರವಾಡ

ಇದರಲ್ಲಿ ಗಮನಿಸಬೇಕಾದ ಒಂದು ಕೊಂಡಿ ಇದೆ. ಕರ್ನಾಟಕದಲ್ಲಿ ನದಿ ರೀವಗಳ ಹೆಸರಾಂತ ಸಂತಾನದ ತಾಣವಿರುವುದು ಲಕ್ಕವಳ್ಳಿಯ ಬಳಿ, ಅದೇ ಭದ್ರಾ ಜಲಾಶಯದ ಹಿನ್ನೀರಿನಲ್ಲಿ. ಚಳಿಗಾಲ ಮುಗಿದು ನೀರಿನ ಮಟ್ಟ ಇಳಿದಂತೆ ಅಲ್ಲಿ ಮುಳುಗಿದ್ದ ಕಲ್ಲುಗುಡ್ಡಗಳ ನೆತ್ತಿಗಳು ಮೇಲೇಳುತ್ತವೆ, ಅವುಗಳ ಮೇಲೆ ರೀವಗಳು ಗುಂಪುಗುಂಪಾಗಿ ಬಂದಿಳಿದು ಫೆಬ್ರವರಿಯಿಂದ ಮೇವರೆಗೆ ಮರಿ ಮಾಡುತ್ತವೆ. ಅಂದರೆ ಜಲಾಶಯದಿಂದ ನೀರು ಹೊರಬಿದ್ದಷ್ಟೂ ಮೇಲಿನ ರೀವಗಳಿಗೆ ನೆಲ ಸಿಗುತ್ತದೆ. ಹೊರಬಿದ್ದ ಆ ನೀರೇ ಇನ್ನೂರು ಕಿಲೋಮೀಟರಿನಾಚೆ ಅದೇ ಜಾತಿಯ ಹಕ್ಕಿಯ ಮೊಟ್ಟೆಗಳನ್ನು ಕೊಚ್ಚಿಕೊಂಡು ಹೋಗುತ್ತದೆ. ಮೇಲಿನ ನೆಲೆಗೆ ಹುಲಿ ಸಂರಕ್ಷಿತ ಪ್ರದೇಶದ ರಕ್ಷಣೆ ಇದೆ, ನೋಡಲು ಪ್ರವಾಸಿಗರಿದ್ದಾರೆ, ಚಿತ್ರಗಳಿವೆ. ಕೆಳಗಿನ ನೆಲೆಗೆ ಯಾವುದೂ ಇಲ್ಲ. ನದಿ ರೀವ ಜಾಗತಿಕ ಕೆಂಪು ಪಟ್ಟಿಯಲ್ಲಿ ಅಪಾಯಕ್ಕೆ ಈಡಾಗಬಲ್ಲ ಜಾತಿ ಎಂದು ದಾಖಲಾಗಿದೆ. ಭದ್ರೆಯ ದಟ್ಟಣೆಯನ್ನು ನೋಡಿ ಅದು ಎಲ್ಲೆಡೆ ಸುಖವಾಗಿದೆಯೆಂದು ನಂಬುವುದು ಸರಿಯಲ್ಲ.

ಉಣಕಲ್ ಕ್ಯಾಮೆರಾ (ಹುಬ್ಬಳ್ಳಿ)

ಅಕ್ಕೋರೇ, ತಮ್ಮ ವಿದ್ಯಾರ್ಥಿಯಾಗಿದ್ದವನಾಗಿ ಒಂದು ಮಾತು ಕೇಳುತ್ತೇನೆ. ಫಾರ್ನ್ ದ್ವೀಪದಲ್ಲಿ ಸಾವಿರಾರು ಜನ ಗೂಡುಗಳ ನಡುವೆಯೇ ನಡೆದಾಡುತ್ತಾರೆ, ಹಕ್ಕಿಗಳು ಅಲ್ಲಿಯೇ ಇವೆ. ಹಾಗಿದ್ದರೆ ನಾವು ನಾಲ್ಕೈದು ಮಂದಿ ಹರಿಗೋಲಿನಲ್ಲಿ ದಿಬ್ಬಕ್ಕೆ ಹೋಗಿ, ಒಂದರ್ಧ ಗಂಟೆ ಕೂತು, ಒಳ್ಳೆಯ ಚಿತ್ರಗಳನ್ನು ತೆಗೆದು ಜನರಿಗೆ ತೋರಿಸಿದರೆ ಅದರಿಂದ ಹಕ್ಕಿಗೂ ಉಪಕಾರವಾಗಬಹುದಲ್ಲವೇ? ಚಿತ್ರವಿಲ್ಲದೆ ಜಿಲ್ಲಾಡಳಿತವಾಗಲಿ ಊರಿನವರಾಗಲಿ ಈ ಹಕ್ಕಿಯ ಕಡೆ ತಿರುಗಿಯೂ ನೋಡುವುದಿಲ್ಲ.

ಅಧ್ಯಾಪಕಿ, ಧಾರವಾಡ

ನಿನ್ನ ಉದ್ದೇಶ ಒಳ್ಳೆಯದೆಂದು ನನಗೆ ಗೊತ್ತಪ್ಪಾ, ಆದರೆ ಆ ಎರಡು ದ್ವೀಪಗಳ ನಡುವೆ ಇರುವ ದೊಡ್ಡ ವ್ಯತ್ಯಾಸ ಬಿಸಿಲು. ಉತ್ತರ ಸಮುದ್ರದಲ್ಲಿ ಮೇ ಕೊನೆಗೆ ಹಗಲಿನ ತಾಪ ಹನ್ನೆರಡು ಹದಿಮೂರು ಡಿಗ್ರಿ ಇರುತ್ತದೆ. ಅಲ್ಲಿಯ ಹಕ್ಕಿ ಕಾವು ಕೂರುವುದು ಮೊಟ್ಟೆಯನ್ನು ಬೆಚ್ಚಗಿಡಲು. ಮುಂಡರಗಿಯ ಹೊಳೆಯಲ್ಲಿ ಏಪ್ರಿಲ್ ಮಧ್ಯಾಹ್ನ ಗಾಳಿಯೇ ನಲವತ್ತು ಡಿಗ್ರಿ ಮುಟ್ಟುತ್ತದೆ, ಮರಳಿನ ಮೇಲ್ಮೈ ಅದಕ್ಕಿಂತ ಬಹಳ ಹೆಚ್ಚು ಕಾಯುತ್ತದೆ. ಇಲ್ಲಿಯ ರೀವ ಹಗಲಿನಲ್ಲಿ ಕೂರುವುದು ಮೊಟ್ಟೆಯನ್ನು ತಂಪಾಗಿಡಲು. ಮುಂಡರಗಿಯವರು ನೋಡಿದಂತೆ ಎದೆ ತೊಯ್ಸಿಕೊಂಡು ಬರುವುದೂ ಅದಕ್ಕಾಗಿಯೇ. ನಿಮ್ಮ ಹರಿಗೋಲು ಹತ್ತಿರ ಬಂದೊಡನೆ ಇಡೀ ಗುಂಪು ಮೇಲೇಳುತ್ತದೆ. ನೀವು ಕೂತಿರುವ ಅರ್ಧ ಗಂಟೆಯೂ ಅವು ತಲೆಯ ಮೇಲೆ ಕೂಗುತ್ತಿರುತ್ತವೆ, ಆ ಅರ್ಧ ಗಂಟೆಯಲ್ಲಿ ಕೆಳಗಿನ ಮೊಟ್ಟೆಯೊಳಗಿನ ಜೀವ ಬೆಂದುಹೋಗುತ್ತದೆ. ಹೊರಗಿನಿಂದ ನೋಡಿದರೆ ಮೊಟ್ಟೆ ಹಾಗೆಯೇ ಇರುತ್ತದೆ. ಹಕ್ಕಿ ಮರಳಿ ಬಂದು ಅದರ ಮೇಲೆ ಮತ್ತೆ ಕೂರುತ್ತದೆ, ನೀವು ಏನೂ ಹಾನಿಯಾಗಲಿಲ್ಲವೆಂದು ಸಮಾಧಾನದಿಂದ ಮನೆಗೆ ಹೋಗುತ್ತೀರಿ. ಆಗಷ್ಟೇ ಒಡೆದ ಮರಿಗಳೂ ಹಾಗೆಯೇ. ಕಾಗೆ, ಹದ್ದುಗಳು ಮೇಲೆದ್ದ ಹಕ್ಕಿಗಳನ್ನು ದೂರದಿಂದಲೇ ಗಮನಿಸಿ ಬರುವುದು ಬೇರೆ.

ಎರಡನೆಯದಾಗಿ, ಫಾರ್ನ್ ದ್ವೀಪದಲ್ಲಿ ಜನ ನಡೆಯುವುದು ವರ್ಷವರ್ಷವೂ ಒಂದೇ ದಾರಿಯಲ್ಲಿ, ಒಂದೇ ಹೊತ್ತಿನಲ್ಲಿ, ರಕ್ಷಕರ ಕಣ್ಣೆದುರಿಗೆ. ಹಕ್ಕಿ ಅದಕ್ಕೆ ಒಗ್ಗಿಕೊಂಡೇ ಆ ಜಾಗವನ್ನು ಆರಿಸುತ್ತದೆ. ಹೊಳೆಯ ದಿಬ್ಬವನ್ನು ಅದು ಆರಿಸುವುದು ಅಲ್ಲಿ ಯಾರೂ ಬರಲಾರರೆಂಬ ಕಾರಣಕ್ಕೆ.

ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂಬುದರ ವಿವರಣೆಯನ್ನು ಒಮ್ಮೆ ಓದು. ಕಾಡುಹಕ್ಕಿಗಳ ಮೊಟ್ಟೆಗಳಿಗೆ ಹಾನಿ ಮಾಡುವುದೂ, ಮೊಟ್ಟೆ ಅಥವಾ ಗೂಡುಗಳಿಗೆ ತೊಂದರೆ ಕೊಡುವುದೂ ಆ ವಿವರಣೆಯೊಳಗೆ ಬರುತ್ತವೆ. 1972ರಿಂದ ಇರುವ ಕಾನೂನು ಇದು. ಭದ್ರಾ ಹಿನ್ನೀರಿನಲ್ಲಿಯೂ ದೋಣಿಯಲ್ಲಿಯೇ ಕೂತು, ದೂರದಿಂದ ಚಿತ್ರ ತೆಗೆಯಬೇಕು.

ಉಣಕಲ್ ಕ್ಯಾಮೆರಾ (ಹುಬ್ಬಳ್ಳಿ)

ಅರ್ಥವಾಯಿತು ಅಕ್ಕೋರೇ. ದಿಬ್ಬಕ್ಕೆ ಇಳಿಯುವ ಮಾತನ್ನು ಬಿಡುತ್ತೇನೆ. ದಂಡೆಯಿಂದ ಉದ್ದದ ಲೆನ್ಸಿನಲ್ಲಿ, ಬೆಳಗಿನ ಏಳು ಗಂಟೆಯೊಳಗೆ ಎಷ್ಟು ಸಾಧ್ಯವೋ ಅಷ್ಟು ತೆಗೆಯುತ್ತೇನೆ. ಹಕ್ಕಿ ಎದೆ ತೊಯ್ಸಿಕೊಂಡು ಬರುವ ಚಿತ್ರ ಸಿಕ್ಕರೆ ಈ ಮಾತನ್ನೆಲ್ಲ ಅದೊಂದೇ ಹೇಳುತ್ತದೆ.

ವಿದ್ಯಾನಗರ ಹುಬ್ಬಳ್ಳಿ

ಕಡಲಿನ ಮಾತು ಬಂದಿರುವುದರಿಂದ ಕೇಳುತ್ತೇನೆ. ಹುಬ್ಬಳ್ಳಿಯಿಂದ ಒಂದು ಹಗಲಿನಲ್ಲಿ ತಲುಪಬಹುದಾದ ಮುರ್ಡೇಶ್ವರದ ಎದುರಿನ ನೇತ್ರಾಣಿಯನ್ನು ನಾವು ಹಕ್ಕಿಗಳ ದ್ವೀಪವೆಂದು ಲೆಕ್ಕಕ್ಕೆ ತೆಗೆದುಕೊಳ್ಳಬಹುದೇ?

ಅಧ್ಯಾಪಕಿ, ಧಾರವಾಡ

ಖಂಡಿತವಾಗಿ ತೆಗೆದುಕೊಳ್ಳಬೇಕು. ಈಗ ಹೆಚ್ಚಿನವರು ಅಲ್ಲಿಗೆ ಹೋಗುವುದು ಹವಳ ಮತ್ತು ಮೀನುಗಳನ್ನು ನೋಡಲು, ಸ್ಕೂಬಾ ಮುಳುಗಿಗಾಗಿ. ಆದರೆ ಬಿಳಿಹೊಟ್ಟೆಯ ಕಡಲ ಹದ್ದುಗಳು ಗೂಡು ಮಾಡುವ ತಾಣವೆಂದು ಆ ದ್ವೀಪ ಹಿಂದಿನಿಂದಲೂ ಪಕ್ಷಿತಜ್ಞರಿಗೆ ಗೊತ್ತು. ಅಲ್ಲಿಯ ಗುಹೆಗಳಲ್ಲಿ ಸ್ವಿಫ್ಟ್‌ಲೆಟ್ ಎಂಬ ಸಣ್ಣ ಹಕ್ಕಿಗಳೂ ಇವೆ. ಉತ್ತರಕ್ಕೆ ಮಹಾರಾಷ್ಟ್ರದ ವೆಂಗುರ್ಲಾ ಬಂಡೆಗಳಲ್ಲಿ ಬ್ರೈಡಲ್ಡ್ ರೀವಗಳು ಮರಿ ಮಾಡುತ್ತವೆ. ನಮ್ಮ ಪಶ್ಚಿಮ ತೀರದಲ್ಲಿ ನಿಜವಾದ ಕಡಲ ರೀವಗಳ ಗೂಡು ಕಾಣಲು ಸಿಗುವ ಕೆಲವೇ ಜಾಗಗಳಲ್ಲಿ ಅದೊಂದು. ಆದರೆ ಅವು ಮರಿ ಮಾಡುವುದು ಮುಂಗಾರಿನ ಆಸುಪಾಸಿನಲ್ಲಿ, ಕಡಲು ಕೆರಳಿ ದೋಣಿಗಳು ದಡ ಸೇರಿರುವ ಕಾಲ. ಮನುಷ್ಯ ತಲುಪಲಾಗದ ಹೊತ್ತನ್ನು ಅವು ಆರಿಸಿಕೊಂಡಿರುವುದರಿಂದಲೇ ಉಳಿದುಕೊಂಡಿವೆ ಎನ್ನಿಸುತ್ತದೆ. ಹೊಳೆಯ ರೀವಕ್ಕೆ ಆ ಅನುಕೂಲವಿಲ್ಲ. ದಿಬ್ಬ ಮೇಲೇಳುವುದೂ ಬೇಸಿಗೆಯಲ್ಲಿಯೇ, ಜನ, ದನ, ಟ್ರ್ಯಾಕ್ಟರು ಹೊಳೆಗೆ ಇಳಿಯುವುದೂ ಬೇಸಿಗೆಯಲ್ಲಿಯೇ.

ಬೆಟಗೇರಿ ಓದುಗ (ಗದಗ)

ಮುಂಡರಗಿಯವರು ದಿಬ್ಬದ ಹೆಸರನ್ನು ಬರೆಯದೆ ಇದ್ದದ್ದು ನನಗೆ ಬಹಳ ಸರಿ ಎನಿಸಿತು. ಮಾಗಡಿಗೆ ಹೆಸರು ಬಂದ ಮೇಲೆ ಜನ ಬರುವುದು ಹೆಚ್ಚಿದೆ, ಆದರೆ ಹೆಬ್ಬಾತು ಅಲ್ಲಿ ಮೊಟ್ಟೆ ಇಡುವುದಿಲ್ಲ. ಬೆದರಿದರೆ ಎದ್ದು ಹೊಲಕ್ಕೆ ಹೋಗಿ, ಮತ್ತೆ ಬರುತ್ತದೆ. ಗೂಡಿನ ಜಾಗದ ಹೆಸರು ಹಾಗೆ ಬಯಲಿಗೆ ಬರಬಾರದು. ಇ-ಬರ್ಡ್‌ನಲ್ಲಿ (ಹಕ್ಕಿ ನೋಡಿದ್ದನ್ನು ಎಲ್ಲರೂ ಬರೆದಿಡುವ ಜಾಲತಾಣ) ದಾಖಲಿಸುವಾಗಲೂ ಗೂಡು ಕಂಡ ಬಿಂದುವನ್ನು ಗುರುತಿಸದೆ, ಹತ್ತಿರದ ಊರಿನ ಹೆಸರಿನಲ್ಲಿ ದಾಖಲಿಸಿದರೆ ಸಾಕು. ಗೂಡುಗಳ ನಿಖರವಾದ ವಿವರಗಳು ಎಣಿಸುವವರ ಪುಸ್ತಕದಲ್ಲಿ ಇರಲಿ.

ಮುಂಡರಗಿ ನದಿದಂಡೆ (ಗದಗ ಜಿಲ್ಲೆ)

ಎಣಿಕೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಸಪ್ತಾಪುರದ ಸರ್ ಬರೆದ ಪಫಿನ್ ಲೆಕ್ಕವೇ ನನ್ನ ತಲೆಯಲ್ಲಿ ಸುತ್ತುತ್ತಿದೆ. ನಮ್ಮ ಹೊಳೆಯಲ್ಲಿ ರೀವಗಳು ಮೊದಲಿಗಿಂತ ಕಡಿಮೆಯಾಗಿವೆ ಎಂದು ಅಂಬಿಗರ ಹಿರಿಯರು ಹೇಳುತ್ತಾರೆ, ನನಗೂ ಹಾಗೆಯೇ ಅನ್ನಿಸುತ್ತದೆ. ಆದರೆ ಅಧಿಕಾರಿಗಳ ಎದುರು ನಿಂತಾಗ ಅನ್ನಿಸಿಕೆ ಕೆಲಸಕ್ಕೆ ಬರುವುದಿಲ್ಲ. ಎಷ್ಟಿದ್ದವು, ಈಗ ಎಷ್ಟಿವೆ ಎಂದು ಕೇಳಿದರೆ ಕೊಡಲು ನಮ್ಮ ಬಳಿ ಒಂದು ಹಾಳೆಯೂ ಇಲ್ಲ. ಪಫಿನ್‌ನಂತೆ ಬಿಲದೊಳಗೆ ಕೈ ಹಾಕುವ ಕಷ್ಟವೂ ನಮಗಿಲ್ಲ. ಕಾವು ಕೂತ ರೀವ ದಂಡೆಯಿಂದ ದುರ್ಬೀನಿಗೆ ಸ್ಪಷ್ಟವಾಗಿ ಕಾಣುತ್ತದೆ. ಕೂತ ಹಕ್ಕಿ ಎಷ್ಟು, ನಿಂತ ಹಕ್ಕಿ ಎಷ್ಟು, ಮರಿ ಎಷ್ಟು, ನೀರಿನ ಅಂಚಿನಿಂದ ದಿಬ್ಬದ ನೆತ್ತಿಗೆ ಅಂದಾಜು ಎತ್ತರ ಎಷ್ಟು: ಇಷ್ಟನ್ನು ಬರೆದಿಟ್ಟರೂ ಮುಂದಿನವರಿಗೆ ಆಧಾರವಾಗುತ್ತದೆ.

ವರದಾ ಸಂಗಮ (ಹಾವೇರಿ)

ಕೊನೆಯ ಅಂಶವನ್ನು ಒತ್ತಿ ಹೇಳಬೇಕು. ಹೊಳೆಗೆ ನೀರು ಬಿಡುವ ಮುನ್ನ ನದಿಪಾತ್ರದ ಜನರಿಗೆ ಎಚ್ಚರಿಕೆ ಕೊಟ್ಟು ಪ್ರಕಟಣೆ ಹೊರಡಿಸುತ್ತಾರೆ. ಭದ್ರಾ ಜಲಾಶಯದ ಮಟ್ಟ ಪತ್ರಿಕೆಯಲ್ಲಿ ದಿನವೂ ಬರುತ್ತದೆ. ಯಾವ ದಿನಾಂಕದಂದು ಎಷ್ಟು ನೀರು ಬಿಟ್ಟರು, ಅದು ನಮ್ಮ ದಿಬ್ಬಕ್ಕೆ ಎಷ್ಟು ದಿನಕ್ಕೆ ಬಂತು, ಎಷ್ಟು ಎತ್ತರ ಏರಿತು ಎಂಬುದನ್ನ ಗೂಡಿನ ಎಣಿಕೆಯ ಪಕ್ಕದಲ್ಲಿಯೇ ಬರೆದರೆ, ನಾವು ನೀರಾವರಿ ಇಲಾಖೆಯನ್ನು ಕೇಳಬೇಕಾದದ್ದು ಏನೆಂದು ಸ್ಪಷ್ಟವಾಗುತ್ತದೆ. ಬಿಡುವ ಒಟ್ಟು ನೀರನ್ನು ಕಡಿಮೆ ಮಾಡಿರೆಂದು ನಾವು ಕೇಳುವುದಿಲ್ಲ. ರೀವಗಳು ಮೊಟ್ಟೆ ಇಡುವ ಮೊದಲೇ, ಅಂದರೆ ಫೆಬ್ರವರಿಯಲ್ಲಿ ಒಮ್ಮೆ ಬಿಟ್ಟರೆ ಅವು ಎತ್ತರದ ನೆಲವನ್ನೇ ಆರಿಸಿಕೊಳ್ಳಬಹುದು. ಏಪ್ರಿಲ್‌ನಲ್ಲಿ ಬಿಡಲೇಬೇಕಾದರೆ ಒಂದೇ ಸಲಕ್ಕೆ ರಭಸವಾಗಿ ಬಿಡುವ ಬದಲು ಹೆಚ್ಚು ದಿನಗಳಿಗೆ ಹಂಚಿ ಬಿಟ್ಟರೆ ನೀರಿನ ಏರಿಕೆ ತಗ್ಗುತ್ತದೆ. ಹಂಚಿ ಬಿಟ್ಟರೆ ದಾರಿಯಲ್ಲಿ ಇಂಗಿ ಹೋಗುವ ನೀರು, ಪಂಪಿನಿಂದ ಎತ್ತಿಕೊಳ್ಳುವ ನೀರು ಹೆಚ್ಚಾಗುತ್ತದೆಂದು ಇಲಾಖೆಯವರು ಹೇಳಬಹುದು. ಅದು ಸುಳ್ಳೂ ಅಲ್ಲ. ಆ ಚರ್ಚೆಗೆ ಕೂರಬೇಕಾದರೂ ನಮ್ಮ ಕೈಯಲ್ಲಿ ಎರಡು ಮೂರು ಋತುಗಳ ಅಂಕಿಗಳು ಇರಬೇಕು.

ಮರಳಿನ ವಿಷಯದಲ್ಲಿ ಮಾತ್ರ ನಾನು ಕಾಯಲು ಒಪ್ಪುವುದಿಲ್ಲ. ಗೂಡುಗಳಿರುವ ದಿಬ್ಬದಿಂದ ಮಾರ್ಚ್‌ನಿಂದ ಮೇವರೆಗೆ ಮರಳು ಎತ್ತಬಾರದೆಂದು ಅರಣ್ಯ ಇಲಾಖೆಗೂ ಗಣಿ ಮತ್ತು ಭೂವಿಜ್ಞಾನ ಇಲಾಖೆಗೂ ಈ ಮಳೆಗಾಲದಲ್ಲಿಯೇ ಮನವಿ ಬರೆದುಕೊಡೋಣ. ಕರಡನ್ನು ನಾನು ಸಿದ್ಧಪಡಿಸುತ್ತೇನೆ, ಅಕ್ಕೋರು ತಿದ್ದಿಕೊಡಬೇಕು.

ಅಧ್ಯಾಪಕಿ, ಧಾರವಾಡ

ತಿದ್ದಿಕೊಡುತ್ತೇನೆ. ಮನವಿಯಲ್ಲಿ ಹಕ್ಕಿಯ ಜೊತೆಗೆ ನೀರುನಾಯಿಯ ಹೆಸರೂ ಇರಲಿ. ಕೆಳಗೆ ವಿಜಯನಗರ, ಬಳ್ಳಾರಿ, ಕೊಪ್ಪಳ ಜಿಲ್ಲೆಗಳ ಭಾಗದಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗೆ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಸರಕಾರ ಘೋಷಿಸಿದೆ. ಅದೇ ಹೊಳೆ, ಅದೇ ಪ್ರಾಣಿ ಎಂಬ ಆಧಾರ ನಮ್ಮ ಮಾತಿಗೆ ಬಲ ಕೊಡುತ್ತದೆ.

ಸಪ್ತಾಪುರದ ಹಕ್ಕಿನೋಟ (ಧಾರವಾಡ)

ನಾನು ಬರೆದ ಪತ್ರ ಹೊಳೆಯ ದಂಡೆಗೆ ಬಂದು ಮುಟ್ಟಿದ್ದು ನನಗೆ ಬಹಳ ತೃಪ್ತಿ ಕೊಟ್ಟಿದೆ. ಅಕ್ಟೋಬರಿಗೆ ಧಾರವಾಡಕ್ಕೆ ಮರಳುತ್ತೇನೆ. ನನ್ನ ಬಳಿ ಇರುವ ಸ್ಪಾಟಿಂಗ್ ಸ್ಕೋಪ್ (ಹಕ್ಕಿ ನೋಡುವ ದೂರದರ್ಶಕ) ಅನ್ನು ಮುಂದಿನ ಫೆಬ್ರವರಿಯಿಂದ ಮೇವರೆಗೆ ಮುಂಡರಗಿಯಲ್ಲಿಯೇ ಇಡಬಹುದು. ದಂಡೆಯಿಂದ ಎಣಿಸುವವರಿಗೆ ದುರ್ಬೀನಿಗಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಎಣಿಕೆಯ ಹಾಳೆಯ ಒಂದು ನಮೂನೆಯನ್ನು ಮಾಡಿ ಇಲ್ಲಿಯೇ ಹಾಕುತ್ತೇನೆ. ಒಂದೇ ನಿಲುಗಡೆಯ ಜಾಗ, ಹದಿನೈದು ದಿನಕ್ಕೊಮ್ಮೆ ಒಂದೇ ವಾರದ ದಿನ, ಬೆಳಗಿನ ಒಂದೇ ಹೊತ್ತು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳೋಣ.

ಮುಂಡರಗಿ ನದಿದಂಡೆ (ಗದಗ ಜಿಲ್ಲೆ)

ಭಾನುವಾರ ಬೇಡ ಸರ್, ಅಂದು ಹೊಳೆಗೆ ಈಜಲು, ಬಟ್ಟೆ ಒಗೆಯಲು ಬರುವವರು ಹೆಚ್ಚು. ಹಕ್ಕಿಗಳು ಬೆಳಗಿನಿಂದಲೇ ಎದ್ದಿರುತ್ತವೆ. ಬುಧವಾರ ಇಟ್ಟುಕೊಳ್ಳೋಣ. ಶಾಲೆಗೆ ಹೋಗುವ ಮುನ್ನ ನಾನು ಎಣಿಸಿ ಬರಬಲ್ಲೆ, ಹಾವೇರಿ ಕಡೆಯ ದಿಬ್ಬಗಳನ್ನು ವರದಾ ಸಂಗಮದವರು ಅದೇ ದಿನ ನೋಡಿದರೆ ಎರಡೂ ಕಡೆಯ ಅಂಕಿಗಳು ಹೊಂದುತ್ತವೆ.